ಎಡಗೆನ್ನೆಗೆ ಹಚ್ಚಿದ ರಸ

ಕರಾ-ಬುಲಾಕ್ ಹುಲ್ಲುಗಾವಲು
೧೯ ಜುಲೈ, ಬೆಳಿಗ್ಗೆ

ಪ್ರೀತಿಯ ಕಂಶಾಯಿಮ್‌ಗೆ,

ಚೆನ್ನಾಗಿದ್ದೀಯ ತಾನೆ? ಮೊಣಕಾಲು ನೋವು ಹೇಗಿದೆ? ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಬೈದುಕೋ, ಸಹಿಸುತ್ತೇನೆ. ಬರೆಯಬೇಕೆಂದು ಕೂತೆ, ಎದ್ದೆ, ಮತ್ತೆ ಕೂತೆ.

ಡೇರೆ ಹಾಕಿ ತಿಂಗಳಾಯಿತು. ಹೆಣ್ಣು ಕುದುರೆಗಳು ಚೆನ್ನಾಗಿ ಹಾಲು ಕರೆಯುತ್ತಿವೆ, ಆ ಹಾಲು ಹುಳಿಸಿದ ಕುಮಿಸ್ ಈ ಸಲ ಹದವಾಗಿ ಹುಳಿ ಬಂದಿದೆ. ನೀನಿದ್ದಿದ್ದರೆ ನಾಲ್ಕು ಬಟ್ಟಲು ಖಾಲಿ ಮಾಡುತ್ತಿದ್ದೆ.

ನಾನು ಕಳಿಸಿದ ಆಕ್ ಕುರಾಯ್ ಗಿಡದ ಬೀಜದ ರಸ ನಿನ್ನ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಮೊಡವೆಯ ರೋಗಾಣುಗಳನ್ನು ಕೊಂದಿತು ಎಂದು ಬರೆದಿದ್ದೆಯಲ್ಲ, ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ. ಮೊಮ್ಮಗಳು ಜಿಪಾರ್ ಕೂಡ ಕೇಳಿಸಿಕೊಂಡಳು. ಹದಿನಾರು ವರ್ಷ, ಮುಖದ ತುಂಬ ಮೊಡವೆ. ಪಕ್ಕದ ಡೇರೆಯ ಹುಡುಗಿಯರು, "ಏನೇ, ಮುಖಕ್ಕೆ ದಾಳಿಂಬೆ ಕಾಳು ಮೆತ್ಕೊಂಡಿದ್ದೀಯಾ?" ಎಂದು ರೇಗಿಸುತ್ತಾರೆ.

"ಅಜ್ಜಿ, ಊರಿನ ಮದುವಣಗಿತ್ತಿಯರಿಗೆಲ್ಲ ಹಚ್ತೀಯ. ನಾನೇನು ಪಾಪ ಮಾಡಿದ್ದೀನಿ?" ಎಂದಳು.

ನಲವತ್ತು ವರ್ಷದಿಂದ ಹಚ್ಚುತ್ತಿದ್ದೇನೆ. ಮದುಮಗಳು ಗಂಡನ ಮನೆಯಲ್ಲಿ ಮೂರು ದಿನ ಪರದೆಯ ಹಿಂದೆ ಕೂರುತ್ತಾಳೆ, ಈಚೆ ಬರುವಾಗ ಮುಖ ತಿಳಿಯಾಗಿರುತ್ತದೆ. ಒಬ್ಬಳಿಗೂ ಕೆಡುಕಾಗಿಲ್ಲ. ಎಲ್ಲ ನನ್ನ ಕೈಗುಣ ಎಂದು ಬೀಗುತ್ತಿದ್ದೆ. ಜಿಪಾರ್‌ಗೂ ಹಚ್ಚಿದೆ, ರೂಢಿಯಂತೆ ಮೊದಲು ಎಡಗೆನ್ನೆಗೆ ಮಾತ್ರ. ಅವಳು ಕುರಿ ಹೊಡೆದುಕೊಂಡು ಗುಡ್ಡಕ್ಕೆ ಹೋದಳು.

ಮಾರನೆಯ ದಿನ ಕೆನ್ನೆ ಕೆಂಪಾಯಿತು. ಆಮೇಲೆ ಕುದಿನೀರು ಬಿದ್ದಂತೆ ಬೊಬ್ಬೆ ಎದ್ದಿತು. ಒಡೆದ ಮೇಲೆ ಚರ್ಮ ಕಪ್ಪಗೆ ಬಿಗಿದುಕೊಂಡಿದೆ. ವಾರವಿಡೀ ಡೇರೆಯೊಳಗೇ ಬಿದ್ದಿದ್ದಳು, ಇವತ್ತು ಮುಂಜಾನೆ ಮತ್ತೆ ಕುರಿಗಳ ಹಿಂದೆ ಹೋದಳು.

ಅದೇ ಬೀಜ, ಅದೇ ಕೈ. ಹೀಗೇಕಾಯಿತು ಎಂದು ತಲೆ ಕೆಡಿಸಿಕೊಂಡಿದ್ದೆ. ಇವತ್ತು ರೊಟ್ಟಿ ಹಿಟ್ಟು ಕಲಸಲು ಅಂಗಿಯ ತೋಳು ಮಡಚಿದಾಗ ಕಣ್ಣಿಗೆ ಬಿತ್ತು. ಅವತ್ತು ರಸ ನನ್ನ ಕೈಗೂ ಚೆಲ್ಲಿತ್ತು, ಆಮೇಲೆ ಹೊರಗೆ ಕೂತು ಉಣ್ಣೆ ಹಿಂಜಿದ್ದೆ. ಅಂಗೈ ಹಿಂಬದಿಯಲ್ಲಿ ಬೊಬ್ಬೆ ಎದ್ದಿತ್ತು, ಚಹಾ ಕಾಯಿಸುವ ಸಮಾವರ್ ತಾಗಿರಬೇಕು ಎಂದುಕೊಂಡಿದ್ದೆ. ಅಂಗಿಯ ತೋಳಿನ ಒಳಗೆ ಮುಚ್ಚಿದ್ದ ಮಣಿಕಟ್ಟಿಗೂ ಅದೇ ರಸ ಇಳಿದಿತ್ತು, ಅಲ್ಲಿ ಏನೂ ಇಲ್ಲ. ಅದು ಬಿಸಿಲು ಕಂಡರೆ ಸುಡುತ್ತದೆ, ಕಂಶಾಯಿಮ್. ನಲವತ್ತು ವರ್ಷ ಆ ಹುಡುಗಿಯರನ್ನು ಕಾಪಾಡಿದ್ದು ಪರದೆ. ಇದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ನೀನು ಮುಂದಿನ ತಿಂಗಳು ಕಾಲೇಜು ಹುಡುಗಿಯರಿಗೆ ಹಚ್ಚಿ ನೋಡುತ್ತೇನೆಂದು ಬರೆದಿದ್ದೆ. ಬೇಡ. ನಿನ್ನ ಗಾಜಿನ ತಟ್ಟೆ ಬಿಸಿಲಿಗೆ ಹೋಗುವುದಿಲ್ಲ, ಅವರು ಹೋಗುತ್ತಾರೆ. ಸುಟ್ಟ ಚರ್ಮ ನೋಡುವ ಒಳ್ಳೆಯ ವೈದ್ಯರನ್ನು ವಿಚಾರಿಸಿಡು. ಜಿಪಾರ್‌ಳನ್ನು ಕರೆದುಕೊಂಡು ಬರುತ್ತೇನೆ. ಇನ್ನೊಂದು ಕೆನ್ನೆಯಾದರೂ ಉಳಿದಿದೆ.

ನಿನ್ನ ಒಲೆ ಆರದಿರಲಿ, ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ.

ನಿನ್ನ
ಸೈರಕಾನ್

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ: ಗೊತ್ತಿಲ್ಲ ಎನ್ನುವುದು ಈ ನಾಲಿಗೆಗೆ ಅಭ್ಯಾಸವಿಲ್ಲ. ಜಿಪಾರ್ ಅತ್ತಾಗ, "ಹೊಲಸೆಲ್ಲ ಈಚೆ ಬರ್ತಿದೆ ಕಣೇ, ತಡ್ಕೋ. ಈ ಕರೀ ಸಿಪ್ಪೆ ಉದುರಿದ್ರೆ ಒಳಗೆ ಹೊಸಾ ಚರ್ಮ" ಎಂದುಬಿಟ್ಟೆ. ನಂಬಿದಳು. ಈಗ ಲಕೋಟೆಗೆಂದು ಪೆಟ್ಟಿಗೆ ತೆರೆದರೆ ರಸದ ಶೀಶೆ ಖಾಲಿ. ಪಕ್ಕದ ಡೇರೆಯವಳನ್ನು ಕೇಳಿದೆ. "ಮುಂಜಾನೆ ಬಲಗೆನ್ನೆ, ಹಣೆ, ಕತ್ತು, ಎಲ್ಲಾ ಕಡೆ ಬಳ್ಕೊಂಡು ಹೋದ್ಲಲ್ಲ. ಒಂದೇ ಸಲ ಮುಗಿಸ್ಬಿಡ್ತೀನಿ, ಅಜ್ಜಿಗೆ ಹೇಳ್ಬೇಡಿ ಅಂದ್ಲು" ಎಂದಳು. ಆ ಪಕ್ಕದವಳ ಗಂಡ ಕುದುರೆ ಹತ್ತಿ ನಮ್ಮ ಹುಡುಗಿಯನ್ನು ಹುಡುಕಲು ಹೋಗಿದ್ದಾನೆ. ಹೊತ್ತು ನೆತ್ತಿಗೆ ಬಂತು. ಆ ಗುಡ್ಡದಲ್ಲಿ ಒಂದು ಮರವೂ ಇಲ್ಲ.