ಕೇಳಿಸಿಯೂ ಸುಮ್ಮನಿದ್ದವಳು

ಬೆಂಗಳೂರು
೧೮ ನವೆಂಬರ್ ೨೦೨೫

ಕೆರೂರಿನ ತಂಗಿ ಮಲ್ಲಮ್ಮಗೆ, ಗುಡೂರಿನ ಗೀತಾಂಜಲಿಯ ನಮಸ್ಕಾರ.

ಗುಡೂರಿನ ಗೀತಾಂಜಲಿ ಯಾರಪ್ಪ ಎಂದು ನೀನು ಹುಬ್ಬು ಗಂಟಿಕ್ಕುತ್ತೀ. ಆಸ್ಪತ್ರೆಯಲ್ಲಿ ಕನ್ನಡಕ ಹಾಕಿಕೊಂಡು, ಫೈಲು ಎದೆಗವಚಿಕೊಂಡು, "ದಯವಿಟ್ಟು ಹೊರಗಡೆ ಕುಳಿತುಕೊಳ್ಳಿ" ಎನ್ನುತ್ತ ಓಡಾಡುತ್ತಿದ್ದ ಡಾಕ್ಟರಮ್ಮ ನೆನಪಿದ್ದಾಳಲ್ಲ, ಅವಳೇ ನಾನು. ನಿನ್ನ ಮಗಳು ಮಾಯಕ್ಕನ ರಕ್ತದ ಕಣಗಳನ್ನು ಲ್ಯಾಬಿನಲ್ಲಿ ಬೆಳೆಸಬೇಕಿದ್ದವಳು. ನಿಮ್ಮ ಜಿಲ್ಲೆಯವಳೇ, ನಿನ್ನ ಹಾಗೆಯೇ ಬೀರಪ್ಪ ದೇವರ ಒಕ್ಕಲು. ಅಲ್ಲಿ ನಿನ್ನನ್ನು 'ನೀವು' ಎನ್ನುತ್ತಿದ್ದೆ. ಆ 'ನೀವು' ಎನ್ನುವುದರಲ್ಲಿ ಮರ್ಯಾದೆಗಿಂತ ನಿನ್ನನ್ನು ದೂರ ಇಡುವ ಉಪಾಯವೇ ಹೆಚ್ಚಿತ್ತು. ಇವತ್ತು ನೀನು ಎನ್ನುತ್ತೇನೆ, ಸಿಟ್ಟಾಗಬೇಡ. ಸಿಟ್ಟಾಗುವುದಕ್ಕೆ ಮುಂದೆ ಬೇಕಾದಷ್ಟಿದೆ.

ಹನ್ನೆರಡು ದಿನದಿಂದ ನಿನ್ನ ಫೋನು ಬಂದ್ ಆಗಿದೆ. ಯಾಕೆಂದು ನನಗೆ ಗೊತ್ತು. ದೊಡ್ಡ ಡಾಕ್ಟರು ವಾರ್ಡಿನಲ್ಲಿ ಎಲ್ಲರೆದುರು ನಿನ್ನನ್ನು ಬೈದರು. ಸಂತೆಯಲ್ಲಿ ಕೊಂಡ ಪುಡಿಯನ್ನು ಕದ್ದು ಕೊಟ್ಟು ನಿನ್ನ ಮಗಳ ಚಿಕಿತ್ಸೆಯನ್ನು ನೀನೇ ಹಾಳು ಮಾಡಿದೆ ಎಂದರು. ನೀನು ಅವರ ಕಾಲು ಹಿಡಿದು, "ನನ್ನ ಕೈಯಾರ ನನ್ನ ಮಗಳಿಗೆ ವಿಷಾ ಹಾಕೇನ್ರಿ, ಇನ್ನ ಯಾವ ಮಾರಿ ತೋರಸ್ಲಿ" ಎಂದು ಅತ್ತೆ. ಮರುದಿನ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು, ಯಾರಿಗೂ ಹೇಳದೆ ಊರಿಗೆ ಹೋದೆ. ನೀನು ಹಾಗೆ ಅಳುವಾಗ ನಾನು ಮಂಚದ ಆ ಬದಿಗೇ ನಿಂತಿದ್ದೆ. ಒಂದು ಮಾತು ಆಡಲಿಲ್ಲ. ಆಡಬೇಕಿದ್ದ ಮಾತನ್ನು ಈಗ ಬರೆಯುತ್ತೇನೆ. ನಡುವೆ ಎಲ್ಲಾದರೂ ಸಬೂಬು ಹೇಳಲು ಹೋದರೆ ಅದನ್ನು ನಂಬಬೇಡ, ನನಗೆ ಆ ಚಟ ಹಳೆಯದು.

ಮೊದಲು ಚಿಕಿತ್ಸೆಯ ವಿಷಯ. ಮಾಯಕ್ಕನ ರಕ್ತದ ಕ್ಯಾನ್ಸರ್ ಒಮ್ಮೆ ಔಷಧಕ್ಕೆ ಮಣಿದು ಮತ್ತೆ ಬಂದಾಗ ಉಳಿದದ್ದು ಇದೊಂದೇ ದಾರಿ. ನಾನು ನಿನ್ನನ್ನು ಕೂರಿಸಿ 'ರೋಗನಿರೋಧಕ ಜೀವಕೋಶಗಳ ಮರುವಿನ್ಯಾಸ' ಎಂದು ಶುರು ಮಾಡಿ ಕಾಲು ತಾಸು ಪುಸ್ತಕ ಓದಿದಂತೆ ಹೇಳಿದೆ. ನೀನು ತಲೆಯಾಡಿಸಿದೆ. ನಿನಗೆ ಏನೂ ತಿಳಿಯಲಿಲ್ಲ ಎಂಬುದು ನನಗೆ ಚೆನ್ನಾಗಿ ತಿಳಿದಿತ್ತು. ಕುರಿ ಕಾಯುವ ಸೋಮಲಿಂಗನ ಹೆಂಡತಿಯಾದ ನಿನಗೆ ನಾಲ್ಕು ಮಾತು ಸಾಕಿತ್ತು. ನಮ್ಮ ಮೈಯಲ್ಲೂ ಹಟ್ಟಿಯ ನಾಯಿಗಳಂಥ ಕಾವಲುಗಾರರಿದ್ದಾರೆ. ಈ ರೋಗದ ತೋಳ ಕುರಿಗಳ ನಡುವೆ ಕುರಿಯ ವಾಸನೆ ಹೊತ್ತು ಮಲಗಿರುವುದರಿಂದ ಅವಕ್ಕೆ ಗುರುತು ಸಿಗುವುದಿಲ್ಲ. ನಾವು ಆ ನಾಯಿಗಳನ್ನು ಮಗುವಿನ ರಕ್ತದಿಂದ ಹೊರಗೆ ತೆಗೆದು, ತೋಳದ ವಾಸನೆ ಕಲಿಸಿ, ಹತ್ತು ಹನ್ನೆರಡು ದಿನ ಸಾಕಿ, ಒಂದಕ್ಕೆ ಸಾವಿರ ಮಾಡಿ ಮತ್ತೆ ಒಳಗೆ ಬಿಡುತ್ತೇವೆ. ಹನ್ನೊಂದು ವರ್ಷದಿಂದ ನಾನು ಮಾಡುತ್ತಿರುವ ಕೆಲಸ ಇಷ್ಟೇ. ಹೀಗೆ ಹೇಳಿದ್ದರೆ ನಾನೂ ಕುರಿ ಕಾಯುವ ಮನೆಯವಳೆಂದು ಗೊತ್ತಾಗಿಬಿಡುತ್ತಿತ್ತು, ಅದಕ್ಕೇ ಹೇಳಲಿಲ್ಲ.

ಇನ್ನು ಭಂಡಾರದ ವಿಷಯ. ದಾಖಲಾದ ದಿನ ನಿನ್ನ ಅತ್ತೆ ಬೋರವ್ವ ಬೀರಪ್ಪನ ಗುಡಿಯಿಂದ ತಂದ ಭಂಡಾರವನ್ನು ಮಗುವಿನ ಹಣೆ ತುಂಬ ಹಚ್ಚಿದ್ದರು. ಎದೆಯಲ್ಲಿ ಔಷಧದ ನಳಿಗೆ ಇದ್ದ ಮಗುವಿನ ಮೈಮೇಲೆ ಅರಿಷಿಣದ ಪುಡಿ ಉದುರಬಾರದು, ಅದು ಖರೆ. ಅಷ್ಟನ್ನು ಮೆಲ್ಲಗೆ ಹೇಳಬಹುದಿತ್ತು. ನಾನು ಸ್ಪಿರಿಟ್ ಹತ್ತಿಯಿಂದ ಮಗುವಿನ ಹಣೆ ತಿಕ್ಕುತ್ತ, ಇಂಥ ಮೂಢನಂಬಿಕೆಯನ್ನೆಲ್ಲ ಗೇಟಿನ ಹೊರಗಿಟ್ಟು ಬನ್ನಿ ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳಿದೆ. ಹತ್ತನೇ ಇಯತ್ತೆಯ ಪರೀಕ್ಷೆಗೆ ನಾನು ಅದೇ ಭಂಡಾರ ಹಚ್ಚಿಕೊಂಡು ಹೋಗಿದ್ದೆ. ಹಣೆ ಒರೆಸಿಯಾದ ಮೇಲೆ ನರ್ಸ್ ಒಬ್ಬಳು, ಇವರು ನಿಮ್ಮ ಕಡೆಯವರಲ್ಲವೇ ಮೇಡಂ ಎಂದಾಗ, ನನಗೆ ಆ ಕಡೆಯ ಮಾತು ಅಷ್ಟಾಗಿ ತಿಳಿಯುವುದಿಲ್ಲ ಎಂದೆ. ನೀನು ಪಕ್ಕದಲ್ಲೇ ಇದ್ದೆ ಮತ್ತು ನಂಬಿದೆ.

ಈಗ ಬರೆಯಲು ಕೈ ಬಾರದ ಭಾಗ. ರಕ್ತದಿಂದ ಕಣಗಳನ್ನು ತೆಗೆಯುವ ದಿನ ನೀನು, ನಿನ್ನ ಅತ್ತೆ ಇಬ್ಬರೂ ಯಂತ್ರದ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಿರಿ. ನಾನು ಎರಡು ಹೆಜ್ಜೆ ಆಚೆ ನಿಂತು ಕಾಗದದ ಮೇಲಿನ ಸಹಿಗಳನ್ನು ನೋಡುತ್ತಿದ್ದೆ. ಬೋರವ್ವ, "ಸಂತ್ಯಾಗಿನ ಪುಡಿ ಹಾಕಾಕತ್ತಿದ ಮ್ಯಾಲೆ ಕೂಸಿನ ಮಾರಿ ದುಂಡಗಾಗೇತಿ, ರೊಟ್ಟಿ ಬೇಡಿ ಉಣ್ಣಾಕತ್ತೇತಿ. ಮುಂಜಾನೆ ಹಾಕಿದಿಲ್ಲ?" ಎಂದರು. ನೀನು, "ಹಾಕೇನ್ರಿ ಅತ್ತಿ. ಬ್ಯಾರೆ ಔಷಧ ಏನರೆ ಕೊಟ್ಟೀರೇನು ಅಂತ ಕೇಳಿದ್ರು, ಇಲ್ರಿ ಅಂದೆ. ಭಂಡಾರಕ್ಕ ಅಷ್ಟು ಬೈದಾವ್ರು ಇದಕ್ಕ ಬಿಡ್ತಾರೇನು?" ಎಂದೆ. ಬೋರವ್ವ ನನ್ನತ್ತ ಕಣ್ಣು ಮಾಡಿ ಸಣ್ಣಗೆ ಮಾತಾಡು ಎಂದಾಗ ನೀನು, "ಇವ್ರಿಗೆ ನಮ್ಮ ಮಾತು ತಿಳಿಯೂದಿಲ್ಲ ಬಿಡ್ರಿ" ಎಂದೆ.

ತಿಳಿದಿತ್ತು ಮಲ್ಲಮ್ಮ. ಒಂದು ಅಕ್ಷರ ಬಿಡದೆ ತಿಳಿದಿತ್ತು. ದುಂಡಗಾದ ಮುಖ, ಏಕಾಏಕಿ ಹೆಚ್ಚಿದ ಹಸಿವು ಎಂದ ಕೂಡಲೇ ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕೆಂಬ ಅನುಮಾನವೂ ಬಂತು. ಅದು ಈ ಕಾವಲು ಕಣಗಳನ್ನು ಮಂಕಾಗಿಸುತ್ತದೆ. ಹಾಗೆ ಮಂಕಾದವು ಲ್ಯಾಬಿನಲ್ಲಿ ಬೆಳೆಯುವುದು ಕಷ್ಟ. ಇವತ್ತು ಬೇಡ ಎಂದು ನಾನು ಅಲ್ಲೇ ನಿಲ್ಲಿಸಬೇಕಿತ್ತು. ಯಂತ್ರದ ಸರದಿಗೆ ಮೂರು ವಾರ ಕಾದಿದ್ದೆವು ಎಂದು ಇಲ್ಲೊಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ಬರೀ ಅನುಮಾನವಿತ್ತು, ಖಾತ್ರಿ ಇರಲಿಲ್ಲ ಎಂದು ಇನ್ನೊಂದು ಸಾಲು ಬರೆದು ಅದನ್ನೂ ಹೊಡೆದೆ. ಎರಡೂ ಸುಳ್ಳಲ್ಲ. ಆದರೆ ನಾನು ಬಾಯಿ ಬಿಟ್ಟಿದ್ದರೆ, ನಿಮಗೆ ಹೇಗೆ ಗೊತ್ತಾಯಿತು ಎಂದು ಎಲ್ಲರೂ ಕೇಳುತ್ತಿದ್ದರು. ಆಗ ನನ್ನ ಊರು, ನನ್ನ ಮಾತು, ನರ್ಸಿಗೆ ಹೇಳಿದ ಸುಳ್ಳು ಎಲ್ಲ ಹೊರಗೆ ಬೀಳುತ್ತಿದ್ದವು. ಅದು ಮುಚ್ಚಿಕೊಂಡಿರಲಿ ಎಂದು ನಿನ್ನ ಮಗಳನ್ನು ಒಳಗೆ ಕಳಿಸಿದೆ.

ಐದನೆಯ ದಿನಕ್ಕೇ ಕಣಗಳು ಹೆಚ್ಚುತ್ತಿಲ್ಲ ಎಂದು ಕಂಡಿತು. ಒಂಬತ್ತನೆಯ ದಿನ ಎಲ್ಲ ಸತ್ತಿದ್ದವು. ಆ ನಡುವೆ ನಾನು ಕಾವಿನ ಪೆಟ್ಟಿಗೆ ಬದಲಿಸಿದೆ, ಪೋಷಕ ದ್ರವ ಬದಲಿಸಿದೆ, ಕೈಕೆಳಗಿನವರ ಮೇಲೆ ರೇಗಿದೆ, ಕಾರಣ ಗೊತ್ತಿಲ್ಲದವಳ ಹಾಗೆ ನಾಟಕ ಆಡಿದೆ. ಕೊನೆಗೆ ಮಾಯಕ್ಕನೇ ಊಟ ಕೊಡುವವರ ಹತ್ತಿರ, ಅವ್ವ ಹಾಕುವ ಪುಡಿ ಭಾಳ ಕಹಿ ಎಂದಳು. ಪುಡಿಯನ್ನು ಪರೀಕ್ಷೆಗೆ ಕಳಿಸಿದರು, ಸ್ಟೀರಾಯ್ಡ್ ಇತ್ತು. ಬೈಗುಳ ನಿನಗೆ ಬಿತ್ತು. ನೀನು ಪುಡಿ ಕೊಟ್ಟದ್ದು ಮಗು ಉಣ್ಣಲಿ ಎಂದು, ಮುಚ್ಚಿಟ್ಟದ್ದು ನಾನು ಹೆದರಿಸಿದ್ದಕ್ಕೆ. ನಾನು ಮುಚ್ಚಿಟ್ಟದ್ದಕ್ಕೆ ಅಂಥ ಒಳ್ಳೆಯ ಕಾರಣ ಒಂದೂ ಇಲ್ಲ. ನಾಚಿಕೆಯಾಗುತ್ತಿದೆ ತಂಗಿ, ನಿನ್ನೆದುರು ತಲೆ ಎತ್ತಲಾಗದಷ್ಟು.

ನಿನ್ನೆ ದೊಡ್ಡ ಡಾಕ್ಟರಿಗೆ ಇದೆಲ್ಲ ಹೇಳಿದೆ, ಆಸ್ಪತ್ರೆಯ ಸಮಿತಿಗೂ ಬರೆದುಕೊಟ್ಟೆ. ಡಾಕ್ಟರು, ಆ ತಾಯಿಗೆ ನಾನು ಹಾಗೆ ಬೈಯಬಾರದಿತ್ತು ಎಂದರು. ಮಾಯಕ್ಕನ ಕಣಗಳನ್ನು ಇನ್ನು ನಾನು ಮುಟ್ಟುವಂತಿಲ್ಲ, ಬೇರೆಯವರು ಬೆಳೆಸುತ್ತಾರೆ. ಉಳಿದ ವಿಚಾರಣೆ ಆಗಲಿ. ನೀನು ಬಂದರೆ ನನ್ನ ಕೈಗೆ ಮಗುವನ್ನು ಕೊಡಬೇಕಾಗಿಲ್ಲ.

ಆದರೆ ಬಾ. ಇನ್ನೊಮ್ಮೆ ಕಣಗಳನ್ನು ತೆಗೆಯಲು ಬರುತ್ತದೆ, ಅದಕ್ಕೆ ಸಮಯ ಬಹಳ ಇಲ್ಲ. ರೋಗ ಹೆಚ್ಚಾದರೆ ತೆಗೆಯಲು ಒಳ್ಳೆಯ ಕಣಗಳೇ ಉಳಿಯುವುದಿಲ್ಲ. ಸೋಮವಾರದೊಳಗೆ ಬಂದು ಬಿಡು. ಗುಣವಾಗಿಯೇ ಆಗುತ್ತದೆ ಎಂದು ಮಾತು ಕೊಡಲಾರೆ; ಕೆಲವು ಮಕ್ಕಳಿಗೆ ಆಗಿದೆ, ಕೆಲವರಿಗೆ ಆಗಿಲ್ಲ. ಒಳಗೆ ಬಿಟ್ಟ ಮೇಲೆ ಹೆದರಿಕೆಯಾಗುವಷ್ಟು ಜ್ವರ ಬರಬಹುದು, ಮಗು ಎರಡು ದಿನ ನಿನ್ನ ಗುರುತು ಹಿಡಿಯದೆಯೂ ಇರಬಹುದು. ಇದನ್ನೆಲ್ಲ ಅಂದೇ ನಿನಗೆ ತಿಳಿಯುವಂತೆ ಹೇಳಬೇಕಿತ್ತು. ಇನ್ನೊಂದು ಮಾತು: ಪುಡಿಯನ್ನು ಒಮ್ಮೆಲೆ ನಿಲ್ಲಿಸಿದ್ದರಿಂದ ಮಗುವಿಗೆ ಸುಸ್ತು, ವಾಂತಿ ಆಗುತ್ತಿದ್ದರೆ ಬೆಂಗಳೂರಿನ ದಾರಿ ಕಾಯಬೇಡ. ಈಗಲೇ ಬಾಗಲಕೋಟೆಯ ದವಾಖಾನೆಗೆ ಹೋಗಿ, ಸ್ಟೀರಾಯ್ಡ್ ಕೊಟ್ಟಿದ್ದೆ ಎಂದು ಹೇಳು. ಯಾರಾದರೂ ಬೈದರೆ ಬೈಯಲಿ, ಹೇಳು.

ನನ್ನನ್ನು ಕ್ಷಮಿಸಬೇಡ, ಬೇಕಿದ್ದರೆ ವಾರ್ಡಿನ ನಡುವೆ ನಿಂತು ನಮ್ಮ ಮಾತಿನಲ್ಲೇ ಬೈ. ಮಗುವನ್ನು ಮಾತ್ರ ಕರೆದುಕೊಂಡು ಬಾ.

ನಿನ್ನೆದುರು ತಪ್ಪಿತಸ್ಥೆ,
ಗೀತಾಂಜಲಿ ಬೀರಲಿಂಗಪ್ಪ

ತಾ.ಕ.: ಈ ಕಾಗದವನ್ನು ನಿನಗೆ ಓದಿ ಹೇಳುತ್ತಿರುವ ಹೆಂಗಸು ಗುಡೂರಿನ ಅಂಗನವಾಡಿಯವಳು ಎಂದಷ್ಟೇ ಹೇಳಿಕೊಂಡು ಬಂದಿರುತ್ತಾಳೆ. ಹಾಗೆ ಹೇಳೆಂದು ನಾನೇ ಹೇಳಿದ್ದೆ. ಆಕೆಯ ಹೆಸರು ತಾಯವ್ವ, ನನ್ನ ಹಡೆದವ್ವ. ನಿನ್ನ ಮುಂದೆ ಕುಳಿತೇ ಒಡೆಯಬೇಕು ಎಂದು ಲಕೋಟೆ ಅಂಟಿಸಿ ಕಳಿಸಿದ್ದರಿಂದ ಒಳಗೆ ಏನಿದೆ ಎಂದು ಆಕೆಗೂ ಗೊತ್ತಿರಲಿಲ್ಲ. ಅವ್ವಾ, ಹನ್ನೊಂದು ವರ್ಷ ನಿನ್ನನ್ನು ಆಸ್ಪತ್ರೆಯ ಕಡೆ ಬಾರದಂತೆ ನೋಡಿಕೊಂಡದ್ದು ಕೆಲಸ ಭಾಳ ಅಂತಲ್ಲ. ನಿನ್ನ ಮಾತು ಅಲ್ಲಿಯವರ ಕಿವಿಗೆ ಬೀಳಬಾರದು ಅಂತ. ಮಲ್ಲಮ್ಮ ಒಪ್ಪಿದರೆ ಬಾಗಲಕೋಟೆಯಲ್ಲಿ ಅವಳೊಟ್ಟಿಗೆ ನೀನೂ ರೈಲು ಹತ್ತು. ಮಾಯಕ್ಕನ ಮಂಚದ ಪಕ್ಕ ಕುಳಿತು, ಡಾಕ್ಟರು ಹೇಳಿದ್ದನ್ನು ಇವರಿಗೆ ತಿಳಿಯುವಂತೆ ಹೇಳಲು, ಇವರು ಹೇಳಿದ್ದನ್ನು ಡಾಕ್ಟರಿಗೆ ಮುಟ್ಟಿಸಲು ಒಬ್ಬರು ಬೇಕು. ಗೇಟಿನಲ್ಲಿ ಯಾರೆಂದು ಕೇಳಿದರೆ, ಗೀತಾಂಜಲಿ ಡಾಕ್ಟರ ಅವ್ವ ಅನ್ನು. ಗಟ್ಟಿಯಾಗಿ ಅನ್ನು, ನಾನು ಅಲ್ಲೇ ನಿಂತಿರುತ್ತೇನೆ.