ನೀರು ಕುದಿಯಬಾರದು

ಜಮಖಂಡಿ
೧೮ ಸೆಪ್ಟೆಂಬರ್ ೨೦೨೪

ಪ್ರೀತಿಯ ಸದಾಶಿವಣ್ಣನಿಗೆ,

ನಿನ್ನ ತಂಗಿ ಸುಹಾಸಿನಿಯ ನಮಸ್ಕಾರಗಳು. ಮೇ ತಿಂಗಳಿಂದ ಈಚೆಗೆ ‘ನಾವೆಲ್ಲ ಕ್ಷೇಮ’ ಎಂದು ಬರೆಯಲು ಕೈ ಏಳುತ್ತಿರಲಿಲ್ಲ. ಇವತ್ತು ಸ್ವಲ್ಪ ಧೈರ್ಯ ಮಾಡಿ ಬರೆಯಬಹುದು ಅನ್ನಿಸುತ್ತಿದೆ. ವಹಿನಿಯ ಮೊಣಕಾಲು ಹೇಗಿದೆ? ಧಾರವಾಡದ ಈ ಸಲದ ಮಳೆಗೆ ಅವರಿಗೆ ಮೆಟ್ಟಿಲು ಹತ್ತುವುದು ಕಷ್ಟವಾಗಿರಬೇಕು.

ನೀನು ಸಿಟ್ಟಿನಿಂದ ಫೋನ್ ಇಟ್ಟ ಮೇಲೆ ಬರೆಯಬೇಕು ಬರೆಯಬೇಕು ಅಂದುಕೊಂಡೇ ತಿಂಗಳು ದಾಟಿತು. ತಡವಾಯಿತು, ಕ್ಷಮಿಸು. ಫೋನಿನಲ್ಲಿ ನಿನಗೆ ಸಿಟ್ಟು ಬರುತ್ತದೆ, ನನಗೆ ಅಳು ಬರುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಾಗದದ ಮೇಲಾದರೆ ಪೂರ್ತಿ ಹೇಳಬಹುದು.

ನಿನ್ನ ಕಿವಿಗೆ ಬಿದ್ದ ಸುದ್ದಿ ನಿಜ. ನಮ್ಮ ಮನೆಯಲ್ಲಿ ಮೀನು ಬೇಯುತ್ತಿದೆ. ಹೊರಗಿನವರು ಯಾರೋ ಬಂದು ಬೇಯಿಸಿ ಹೋಗುತ್ತಿಲ್ಲ, ನಾನೇ ಬೇಯಿಸುತ್ತಿದ್ದೇನೆ. “ಅಪ್ಪ ನಿನ್ನ ಲಗ್ನದಾಗ ಕೊಟ್ಟ ಅನ್ನಪೂರ್ಣಿ ಆ ಮನಿ ದೇವರ ಕೋಣ್ಯಾಗ ಇದ್ದಾಳ, ಸುಹಾಸ. ನಿನಗ ತಲಿ ನೆಟ್ಟಗದ ಏನು? ಇನ್ನ ಮ್ಯಾಲೆ ನಾ ಅಲ್ಲಿ ನೀರು ಸುದ್ಧಾ ಮುಟ್ಟೂದಿಲ್ಲ” ಎಂದೆ ನೀನು. ಉತ್ತರ ಕೊಡುವಷ್ಟು ಹೊತ್ತು ಕಾಯಲಿಲ್ಲ. ಈಗ ಹೇಳುತ್ತೇನೆ. ನಿನ್ನನ್ನು ಒಪ್ಪಿಸಬೇಕೆಂದಲ್ಲ, ನಡೆದದ್ದು ನಿನಗೆ ನನ್ನ ಬಾಯಿಂದಲೇ ತಿಳಿಯಲಿ ಎಂದು.

ಮುಧೋಳದ ಕಾರ್ಖಾನೆಯಿಂದ ಬರುವಾಗ ಬೈಕು ಜಾರಿ ನಮ್ಮ ಮಗ ಪ್ರಥಮೇಶ ಮೇ ತಿಂಗಳಲ್ಲಿ ಹೋದಾಗ ಸೊಸೆ ಶೇವಂತಿಗೆ ತಾನು ಬಸುರಿ ಎಂದು ತಿಳಿದು ಹೆಚ್ಚು ದಿನವಾಗಿರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ನೀನೇ ಹೇಳಿದೆ, ಆಕೆಯನ್ನು ತವರಿಗೆ ಕಳಿಸು, ಅವರವರ ಊಟ ಅವರವರಿಗೆ ಎಂದು. ಕಳಿಸುವ ವಿಚಾರ ನನಗೂ ಬಂದಿತ್ತು. ಆದರೆ ಜುಲೈ ಕೊನೆಗೆ ಕೃಷ್ಣೆ ಉಕ್ಕಿ ಬಂದಳು. ಹೊಳೆಯ ದಂಡೆಯಲ್ಲಿದ್ದ ಅವಳ ತವರಿನ ಅಂಬಿಗರ ಓಣಿ ಪೂರ್ತಿ ನೀರಿನೊಳಗೆ ಹೋಯಿತು. ಶೇವಂತಿಯ ತಾಯಿ ಹಣಮವ್ವ ಒಂದು ಟ್ರಂಕು, ಎರಡು ಆಡು ಹಿಡಿದುಕೊಂಡು ಶಾಲೆಯ ಕೋಣೆಯಲ್ಲಿ ತೆರೆದ ಕಾಳಜಿ ಕೇಂದ್ರ ಸೇರಿದರು. ಬಸುರಿ ಹುಡುಗಿಯನ್ನು ಅಲ್ಲಿಗೆ ಕಳಿಸಲೇ?

ಅಷ್ಟರಲ್ಲಿ ಶೇವಂತಿಯ ಸ್ಥಿತಿ ಕೆಟ್ಟಿತು. ಹಾಲು ಕುಡಿದರೆ ಹಾಲು ಹೊರಗೆ, ಗಂಜಿ ಕುಡಿದರೆ ಗಂಜಿ ಹೊರಗೆ. ಬೇಳೆಯ ಕಟ್ಟು, ರಾಗಿ ಅಂಬಲಿ, ಶೇಂಗಾದ ಉಂಡಿ, ಏನು ಕೊಟ್ಟರೂ ಅಷ್ಟೇ. ಎಲ್ಲರಿಗೂ ಮೂರು ತಿಂಗಳಿಗೆ ನಿಲ್ಲುವ ವಾಂತಿ ಇವಳಿಗೆ ಐದಕ್ಕೂ ನಿಲ್ಲಲಿಲ್ಲ. ಬಳೆ ಮೊಣಕೈವರೆಗೆ ಸರಿಯುತ್ತಿದ್ದವು. (ಬಳೆ ತೆಗೆಯಬೇಡ ಎಂದು ನಾನೇ ಹೇಳಿದ್ದೆ. ಅದಕ್ಕೂ ನಿನಗೆ ಬೇಸರವಿದೆ, ಗೊತ್ತು.) ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ರಕ್ತ ಭಾಳ ಕಡಿಮಿ ಅದರಿ. ಹಿಂಗ ಆದ್ರ ಕೂಸು ಬೆಳೆಯೂದಿಲ್ಲ. ಏನರೆ ಒಂದು ಹೊಟ್ಟಿಯೊಳಗ ನಿಲ್ಲಬೇಕು” ಎಂದರು.

ಪರದೆಯ ಆಚೆ ನರ್ಸು ಶೇವಂತಿಯ ತೂಕ ನೋಡುತ್ತಿದ್ದಳು. “ಖರೆ ಹೇಳವಾ, ನಾಲಿಗಿ ಏನ ಬೇಡತೈತಿ?” ಎಂದು ಕೇಳಿದ್ದು ನನಗೆ ಕೇಳಿಸಿತು. ಶೇವಂತಿ ತೀರ ಸಣ್ಣ ದನಿಯಲ್ಲಿ, “ಮೀನ್ರೀ” ಎಂದಳು. “ಹಂಗಾರ ತಿನ್ನವಾ. ಖಾರ ಎಣ್ಣಿ ಬ್ಯಾಡ, ನೀರಾಗ ಬೇಯಿಸಿ ತಿನ್ನು” ಎಂದಳು ನರ್ಸು. ಶೇವಂತಿ ಮದುವೆಯಾಗಿ ಎರಡು ವರ್ಷದಿಂದ ನಮ್ಮ ಮನೆಯಲ್ಲಿದ್ದಳು. ಮೀನಿನ ಹೆಸರು ಒಂದು ದಿನವೂ ಅವಳ ಬಾಯಿಂದ ನಾನು ಕೇಳಿರಲಿಲ್ಲ, ಬೇಡವೆಂದು ನಾವು ಯಾರೂ ಹೇಳಿರಲೂ ಇಲ್ಲ.

ಆಟೋದಲ್ಲಿ ಮನೆಗೆ ಬರುವಷ್ಟರಲ್ಲಿ ನನ್ನ ಮನಸ್ಸು ಗಟ್ಟಿಯಾಗಿತ್ತು. ಶೇವಂತಿಯ ಕಾಕಾ ಸಾಬಣ್ಣನಿಗೆ ಫೋನ್ ಮಾಡಿದೆ. ಮುಧೋಳದ ಕಡೆ ಒಂದು ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಅವನದು. ಮರುದಿನ ಬೆಳಿಗ್ಗೆಯೇ ಕಟ್ಲಾ ಮೀನನ್ನು ತೊಳೆದು, ಕೊಯ್ದು, ಸ್ಟೀಲಿನ ಡಬ್ಬಿಯಲ್ಲಿ ತುಂಬಿಕೊಂಡು ಬಂದ. ಗೇಟಿನ ಒಳಗೆ ಕಾಲಿಡಲಿಲ್ಲ. “ಬಾಯಾರ, ಖರೇನ ಇಲ್ಲೇ ಮಾಡಾವ್ರೇನ್ರಿ?” ಎಂದು ಮತ್ತೆ ಮತ್ತೆ ಕೇಳಿದ. “ಇಲ್ಲೇ ಮಾಡಾಕಿ, ಕೊಡಪಾ” ಎಂದು ಡಬ್ಬಿ ಇಸಿದುಕೊಂಡೆ.

ಹಿತ್ತಲಲ್ಲಿ ಪತ್ರಾಸಿನ ತಗಡಿನ ಚಪ್ಪರದ ಕೆಳಗೆ ಸಣ್ಣ ಗ್ಯಾಸ್ ಒಲೆ ಇಟ್ಟೆ. ನನಗೆ ಗೊತ್ತಿದ್ದದ್ದು ಬಟಾಟೆ ಕುದಿಸುವುದು. ಮೀನನ್ನೂ ಹಾಗೆಯೇ ಕುದಿಸಿದೆ. ನೀರು ಗಳಗಳ ಕುದಿದು ಮೇಲೆ ಕಂದು ನೊರೆ ಬಂತು, ತುಂಡುಗಳು ಒಡೆದು ನಾರುನಾರಾದವು, ವಾಸನೆ ಪಡಸಾಲೆಯವರೆಗೆ ತುಂಬಿತು. ಶೇವಂತಿ ಎದ್ದು ಬಂದು ನೋಡಿ ಬಾಗಿಲಲ್ಲೇ ನಿಂತಳು.

“ಬ್ಯಾಡ್ರಿ ಆಯಿ. ನನ್ನ ಸಲುವಾಗಿ ಈ ಮನಿ ಕೆಟ್ಟಿತು ಅಂತ ಆಗಬಾರ್ದು.”

“ಕೆಡೂದು ಏನ ಉಳದದವಾ? ಇದು ನಿನ್ನ ಮನಿ. ಕೂಡು, ತಿನ್ನು” ಎಂದೆ.

ನನ್ನ ಸಲುವಾಗಿ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ನುಂಗುವ ಮೊದಲೇ ಬಚ್ಚಲಿಗೆ ಓಡಿದಳು. ಅವಳ ಬೆನ್ನು ನೀವಲು ಹೋದ ನನಗೂ ತಡೆಯಲಾಗಲಿಲ್ಲ. ಅತ್ತೆ ಸೊಸೆ ಇಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಎರಡು ಬದಿಗೆ ಕೂತು ವಾಂತಿ ಮಾಡಿಕೊಂಡೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದೆವು. ಶೇವಂತಿಗೆ ನಗು ಬಂತು ಅಣ್ಣ. ಮೇ ತಿಂಗಳ ನಂತರ ಮೊದಲ ಸಲ.

ಇವರು ದೇವರ ಕೋಣೆಯಿಂದ ಎಲ್ಲ ನೋಡುತ್ತಿದ್ದರು. ನಿನ್ನ ಭಾವಮೈದುನ ನಂದಕಿಶೋರರ ಮಡಿ ಎಂಥದೆಂದು ನಿನಗೆ ಗೊತ್ತು, ಒಂದು ಹನಿ ಈರುಳ್ಳಿ ನೀರು ಸಿಡಿದರೂ ಮತ್ತೆ ಸ್ನಾನ. ಇವತ್ತು ಏನೋ ಆಗುತ್ತದೆ ಎಂದುಕೊಂಡು ತಲೆ ತಗ್ಗಿಸಿ ಪಾತ್ರೆ ತಿಕ್ಕುತ್ತಿದ್ದೆ. ಅವರು ದೇವರ ಕೋಣೆಯ ಬಾಗಿಲು ಮುಂದೆ ಮಾಡಿ ಹಿತ್ತಲಿಗೆ ಬಂದರು. “ನಾಳೆ ಮತ್ತ ಮಾಡು. ಈ ಸಲ ಆಕೀ ತಾಯಿನ್ನ ಕರಸು, ನಿನಗ ಬರೂದಿಲ್ಲ” ಎಂದರು. ಅಷ್ಟೇ.

ಹಣಮವ್ವ ಕಾಳಜಿ ಕೇಂದ್ರದಿಂದ ಬಂದರು. ಆಡುಗಳನ್ನು ಸಾಬಣ್ಣನ ಹತ್ತಿರ ಬಿಟ್ಟು ಬಂದಿದ್ದರು. ಅಡುಗೆಮನೆಗೆ ಬನ್ನಿ ಎಂದರೆ, “ಇಲ್ಲೇ ಛಲೋ ಐತ್ರಿ ಬಾಯಾರ” ಎಂದು ಹಿತ್ತಲಿನ ಕಟ್ಟೆಯ ಮೇಲೆ ಕೂತರು. ಅಂದು ಮಳೆ ಬೇರೆ. ಪತ್ರಾಸಿನ ಕೆಳಗೆ ಒಲೆ ನಿಲ್ಲುತ್ತಿರಲಿಲ್ಲ, ಗಾಳಿಗೆ ಆರುತ್ತಿತ್ತು. ಒಂದು ಸಲ ಆರಿತು, ಎರಡನೆಯ ಸಲ ಆರಿತು. ನಾನು ಪಾತ್ರೆಯನ್ನು ಒಂದು ಕೈಯಲ್ಲಿ, ಹಣಮವ್ವರನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಒಳಗೆ ನಡೆದೆ. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಮೀನು ಬಂದದ್ದು ಹಾಗೆ. ಯಾರೂ ನನಗೆ ಒತ್ತಾಯ ಮಾಡಲಿಲ್ಲ. ಇದನ್ನು ನೀನು ಯಾರಿಗಾದರೂ ಹೇಳುವುದಾದರೆ ಹೀಗೆಯೇ ಹೇಳು.

ಅವರು ಮಾಡುವ ರೀತಿಯೇ ಬೇರೆ. ಬೆನ್ನಿನ ತುಂಡು, ಬಾಲದ ತುಂಡು ತೆಗೆದಿಟ್ಟರು, ಅವುಗಳಲ್ಲಿ ಕೂದಲಿನಂಥ ಮುಳ್ಳು. ಹೊಟ್ಟೆಯ ಕಡೆಯ ತುಂಡುಗಳಿಗೆ ಉಪ್ಪು ಅರಿಶಿನ ಸವರಿ, ಲಿಂಬೆಹಣ್ಣು ಹಿಂಡಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದರು. ಅಗಲ ಪಾತ್ರೆಯಲ್ಲಿ ನೀರು, ಜಜ್ಜಿದ ಶುಂಠಿ, ಕೊತ್ತಂಬರಿಯ ದೇಟು, ಉಪ್ಪು. ನೀರು ಕುದಿ ಬರುವುದಕ್ಕೆ ನಾನು ಕಾಯುತ್ತಿದ್ದರೆ ಅವರು ಉರಿ ತಗ್ಗಿಸಿಬಿಟ್ಟರು.

“ನೀರ ಕುದಿಬಾರ್ದ್ರಿ. ನಡಗಬೇಕು, ಅಷ್ಟ. ಕುದ್ರ ಮೀನ ಒಡಿತೈತಿ, ನಾರತೈತಿ.”

ತಳದಿಂದ ಸಣ್ಣ ಗುಳ್ಳೆ ಏಳುವ ಹೊತ್ತಿಗೆ ತುಂಡುಗಳನ್ನು ಒಂದೊಂದಾಗಿ ಜಾರಿಸಿದರು. ಮುಚ್ಚಳ ಓರೆಯಾಗಿ ಇಟ್ಟರು. ಮಾಂಸ ಬೆಳ್ಳಗಾಗಿ, ಚಮಚದ ತುದಿಗೆ ಪದರು ಪದರಾಗಿ ಬಿಡುವ ಹೊತ್ತಿಗೆ ಒಲೆ ಆರಿಸಿ, ಆ ಬಿಸಿನೀರಿನಲ್ಲೇ ಬಿಟ್ಟರು. ಈ ಸಲ ಶುಂಠಿಯ ವಾಸನೆಯೇ ಮುಂದಾಗಿತ್ತು. ಆದರೂ ಇವತ್ತಿಗೂ ನಾನು ಸೆರಗನ್ನು ಮೂಗಿಗೆ ಕಟ್ಟಿಕೊಂಡೇ ನಿಲ್ಲುತ್ತೇನೆ.

ಮುಳ್ಳು ತೆಗೆಯುವಾಗ ತೊಂದರೆಯಾಯಿತು. ನನ್ನ ಕಣ್ಣಿಗೆ ಪೊರೆ, ಹಣಮವ್ವರಿಗೆ ಅಳು ತುಂಬಿ ಕಣ್ಣು ಕಾಣದು. ಇವರು ಪಡಸಾಲೆಯಿಂದ ಕನ್ನಡಕ ಒರೆಸಿಕೊಂಡು ಬಂದರು. “ಇಲ್ಲಿ ಕೊಡು” ಎಂದು ತಾಟನ್ನು ಎಳೆದುಕೊಂಡು ಕಿಟಕಿಯ ಬೆಳಕಿಗೆ ಕೂತರು. ಜೀವನದಲ್ಲಿ ಮೊದಲ ಸಲ ಮೀನು ಮುಟ್ಟಿದ ಕೈ. ಒಂದೊಂದು ಪದರನ್ನೂ ಬೆರಳಿನಿಂದ ಒತ್ತಿ ನೋಡಿ, ಸಂಶಯ ಬಂದದ್ದನ್ನು ಬದಿಗಿಟ್ಟು, ಒಂದು ಬಟ್ಟಲು ತುಂಬಿದರು. “ತಗೋ ಮಗಳ, ಸಾವಕಾಶ ತಿನ್ನು. ನಾ ಎಲ್ಲಾ ನೋಡೇನಿ” ಎಂದು ಶೇವಂತಿಯ ಕೈಗೆ ಕೊಟ್ಟರು. ಆಮೇಲೆ ಎದ್ದು ಸ್ನಾನಕ್ಕೆ ಹೋದರು, ಸಂಧ್ಯಾವಂದನೆ ಮಾಡಿದರು. ಎಂದಿನ ಹಾಗೆಯೇ, ಯಾವುದನ್ನೂ ಬಿಡಲಿಲ್ಲ.

ಶೇವಂತಿ ತಿಂದಳು. ಮೇಲೆ ಆ ನೀರನ್ನೂ ಕುಡಿದಳು. ನಾವು ಮೂವರೂ ಅವಳ ಮುಖ ನೋಡುತ್ತಾ ಕೂತೆವು. ಮಧ್ಯಾಹ್ನ ಕಳೆಯಿತು, ಏನೂ ಹೊರಗೆ ಬರಲಿಲ್ಲ. ಹಣಮವ್ವ ಗೋಡೆಗೆ ಒರಗಿ ಹಾಗೆಯೇ ನಿದ್ದೆ ಹೋದರು. ಪಾಪ, ಕೇಂದ್ರದಲ್ಲಿ ಸರಿಯಾಗಿ ನಿದ್ದೆ ಇರಲಿಲ್ಲವಂತೆ. ದೀಪ ಹಚ್ಚುವ ಹೊತ್ತಿಗೆ ಶೇವಂತಿ ಅಡುಗೆಮನೆಗೆ ಬಂದು, “ಆಯಿ, ಇನ್ನಷ್ಟ ಐತೇನ್ರಿ?” ಎಂದು ಕೇಳಿದಳು.

ಅಂದಿನಿಂದ ನಡೆದಿದೆ. ಮೀನು ಹೊಟ್ಟೆಯಲ್ಲಿ ನಿಂತ ಮೇಲೆ ಅನ್ನವೂ ನಿಂತಿತು, ಈಗ ಬೇಳೆ, ಹಾಲು ಎಲ್ಲ ನಿಲ್ಲುತ್ತವೆ. ಕಳೆದ ವಾರ ಡಾಕ್ಟರು ರಕ್ತ ನೋಡಿ, “ಏನ ಮಾಡಿದ್ರಿ? ಇದನ್ನ ಬಿಡಬ್ಯಾಡ್ರಿ” ಎಂದರು. ಮೊನ್ನೆ ಶೇವಂತಿ ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಕೂಸು ಒದೆಯುತ್ತಿದೆ ಅಣ್ಣ. ಒಳ್ಳೆ ಜೋರಿದೆ.

ಇನ್ನು ನನ್ನ ನಿರ್ಧಾರ ಹೇಳಿಬಿಡುತ್ತೇನೆ. ಹೆರಿಗೆಯವರೆಗೂ, ಬಾಣಂತನದಲ್ಲೂ, ಅವಳಿಗೆ ಬೇಕಾದಷ್ಟು ದಿನ ಈ ಒಲೆಯ ಮೇಲೆ ಮೀನು ಬೇಯುತ್ತದೆ. ಹಣಮವ್ವರ ಮನೆಯ ಗೋಡೆ ಎದ್ದು ನಿಲ್ಲುವವರೆಗೆ ಅವರೂ ಇಲ್ಲೇ ಇರುತ್ತಾರೆ. ದಸರೆಯ ನಂತರ ಸೀಮಂತದ ಕುಬಸ ಮಾಡುತ್ತೇವೆ. ಗಂಡ ಇಲ್ಲದವಳಿಗೆ ಉಡಿ ತುಂಬುವುದುಂಟೇ ಎಂದು ನೀನು ಕೇಳುತ್ತೀ. ತುಂಬುವವಳು ನಾನು. ಹಸಿರು ಸೀರೆ ತಂದಾಗಿದೆ.

ನೀನು ಬರಬೇಕು. ಪ್ರಥಮೇಶನ ಜಾವಳ ತೆಗೆದದ್ದು ನಿನ್ನ ತೊಡೆಯ ಮೇಲೆ. ಅವನ ಕೂಸಿನ ಕೆಲಸಕ್ಕೆ ಮಾಮಾ ಇಲ್ಲದಿದ್ದರೆ ನನಗೆ ಬಹಳ ನೋವಾಗುತ್ತದೆ. ನಿನ್ನ ಊಟಕ್ಕೆ ಬೇರೆ ಒಲೆ, ಬೇರೆ ಪಾತ್ರೆ ಇಡುತ್ತೇನೆ. ಆದರೆ ನೀನು ಬರುತ್ತೀ ಎಂದು ಶೇವಂತಿಯ ಪಾತ್ರೆಯನ್ನು ಮುಚ್ಚಿಡುವುದಿಲ್ಲ. ನೀನು ಬರದಿದ್ದರೆ ನಿನ್ನ ಮಣೆ ಖಾಲಿ ಇರುತ್ತದೆ, ಕಾರ್ಯ ನಿಲ್ಲುವುದಿಲ್ಲ.

ವಹಿನಿಗೆ ನಮಸ್ಕಾರ ಹೇಳು. ಮಗಳು ಮೃಣ್ಮಯಿಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದಗಳು. ಎಲ್ಲರೂ ಉಂಡು ತಿಂದು ಗಟ್ಟಿಯಾಗಿರಲಿ. ದೊಡ್ಡವನು ನೀನು. ಸಿಟ್ಟು ಇದ್ದರೂ ಇರಲಿ, ಈ ಹುಡುಗಿ ಸುಸೂತ್ರ ಹೆರಲಿ ಎಂದು ಒಂದು ಸಲ ಮನಸ್ಸಿನಲ್ಲಿ ಹರಸು. ನನಗೆ ಅಷ್ಟು ಸಾಕು.

ನಿನ್ನ ತಂಗಿ,
ಸುಹಾಸ

ತಾ.ಕ.: ಪತ್ರ ಮಡಚಿ ಅಂಟಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಇದನ್ನು ಇವರಿಗೂ ಹೇಳಿಲ್ಲ. ನಿನ್ನೆ ಪಾತ್ರೆ ತೊಳೆಯುತ್ತಾ ಹಣಮವ್ವ, “ಅಳಿಯಾರಿಗೂ ಹಿಂಗ ಮಾಡಿದ್ದ ಭಾಳ ಸೇರತಿತ್ತು” ಎಂದುಬಿಟ್ಟರು. ಅಂದವರೇ ಬಾಯಿ ಮುಚ್ಚಿಕೊಂಡರು. ನಾನು ಬಿಡಲಿಲ್ಲ, ಕೂಡಿಸಿ ಕೇಳಿದೆ. ಮದುವೆಯಾದಾಗಿನಿಂದ ರವಿವಾರ ಅತ್ತೆಯ ಮನೆಗೆ ಹೋದಾಗಲೆಲ್ಲ ಪ್ರಥಮೇಶ ಅಲ್ಲಿ ಮೀನು ತಿನ್ನುತ್ತಿದ್ದನಂತೆ. ಅವರ ಖಾರ ಅವನಿಗೆ ತಡೆಯುತ್ತಿರಲಿಲ್ಲ. ಅದಕ್ಕೆ ಅವನ ಸಲುವಾಗಿ ಬೇರೆಯಾಗಿ, ಬರೀ ಶುಂಠಿ ಉಪ್ಪಿನ ನೀರಿನಲ್ಲಿ ಬೇಯಿಸಿ ಕೊಡುತ್ತಿದ್ದರಂತೆ. ನನ್ನ ಅಂಜಿಕೆಗೆ ಮನೆಯಲ್ಲಿ ಹೇಳಲಿಲ್ಲವೇನು ಎಂದು ಕೇಳಿದೆ. “ಅಂಜಿಕಿ ಅಲ್ರಿ ಬಾಯಾರ. ‘ನಮ್ಮ ಆಯಿಗೆ ತಿಳದ್ರ ಸಿಟ್ಟಾಗೂದಿಲ್ಲ. ನನಗ ಸೇರತದಂತ ತಾನ ಮಾಡ್ಲಿಕ್ಕೆ ನಿಲ್ತಾಳ. ಆಕಿಗೆ ಆ ತ್ರಾಸ ಬ್ಯಾಡ’ ಅಂತಿದ್ರು” ಎಂದರು.

ಅವನು ಹೇಳಿದ್ದು ಸರಿ. ನಾನು ಮಾಡುತ್ತಿದ್ದೆ ಅಣ್ಣ. ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಮಾಡಿ ಬಡಿಸುತ್ತಿದ್ದೆ.