ಮೆತ್ತಗೆ ಬಗ್ಗುವ ಸ್ಪ್ರಿಂಗು

ಜತ್ತ
೧೭-೨-೧೯೭೪

ಸೌ. ಬೀರವ್ವಳಿಗೆ ನಿನ್ನ ಗಂಡನ ಪ್ರೀತಿಯ ಆಶೀರ್ವಾದ.

ನಾನು ಕ್ಷೇಮ. ದರಿಬಡಚಿಯಲ್ಲಿ ನೀನೂ ಮಾವನವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು, ಬೈಯಬೇಡ. ಬೈಯುವುದೇ ಆದರೆ ತವರಿನಿಂದ ಬಂದು ಎದುರಿಗೆ ನಿಂತು ಬೈ. ಗ್ಯಾರೇಜಿನಿಂದೆದ್ದು ಬರೆಯಲು ಕೂತರೆ ಕಾಗದವೆಲ್ಲ ಗ್ರೀಸು.

ತಡವಾಗಿದ್ದು ನಮ್ಮ ಮೋಟಾರ್‌ಸೈಕಲ್ಲಿನಿಂದ. ಅದರ ಹಿಂದಿನ ಗಾಲಿಯ ಸ್ಪ್ರಿಂಗುಗಳನ್ನು ಬಿಚ್ಚಿ ಎಸೆದೆ. ಮೆದು ಸ್ಪ್ರಿಂಗು ಹಾಕಿದರೆ ಭಾರಕ್ಕೆ ಕುಸಿದು ತಳಕ್ಕೆ ಬಡಿಯುತ್ತದೆ. ಗಟ್ಟಿಯದು ಹಾಕಿದರೆ ಹಗುರ ಮನುಷ್ಯರನ್ನು ಕಲ್ಲುಕಲ್ಲಿಗೂ ಎತ್ತಿ ಒಗೆಯುತ್ತದೆ. ನನಗೆ ಮೊದಲು ಮೆತ್ತಗೆ ಬಗ್ಗಿ, ಒತ್ತಿದಷ್ಟೂ ಬಿಗಿಯಾಗುವಂಥದು ಬೇಕಿತ್ತು. ತೆಳು ಸ್ಪ್ರಿಂಗಿನ ಕೆಳಗೆ ದಪ್ಪದ್ದಿಟ್ಟು ನೋಡಿದೆ. ಮೊದಲ ತಗ್ಗಿನಲ್ಲೇ ಟಪ್ಪೆಂದು ಬಡಿದು ನಾಲಿಗೆ ಕಚ್ಚಿಕೊಂಡೆ!

ಕೊನೆಗೆ ಕಮ್ಮಾರ ಸೋಮನಿಂಗಪ್ಪನಿಗೆ, ಒಂದು ತುದಿಗೆ ಸುರುಳಿ ಒತ್ತೊತ್ತಾಗಿ, ಇನ್ನೊಂದು ತುದಿಗೆ ಬಿಡಿಬಿಡಿಯಾಗಿ ಸುತ್ತಿಕೊಡು ಎಂದೆ. “ತಲಿ ನೆಟ್ಟಗೈತೇನೋ ನಿಂದು? ಸುರುಳಿ ಸಮ ಇರ್ಲಿಲ್ಲಂದ್ರ ಮಂದಿ ನನಗ ನಗತಾರ,” ಎಂದು ರೇಗಿದ. ಮೂರು ಜೋಡಿ ಹದ ಬರದೆ ಮುರಿದವು. ನಾಲ್ಕನೆಯದು ಕೂತಿತು ನೋಡು. ಸಣ್ಣ ಭಾರಕ್ಕೆ ಒತ್ತಾದ ಸುರುಳಿಗಳು ಒಂದೊಂದಾಗಿ ಮುಚ್ಚುತ್ತವೆ, ಭಾರ ಹೆಚ್ಚಿದರೆ ಉಳಿದವು ಗಟ್ಟಿಯಾಗಿ ಹೊರುತ್ತವೆ.

ನಮ್ಮಪ್ಪನ ಅಕ್ಕ ದುಂಡವ್ವನನ್ನು ಹಿಂದೆ ಕೂಡಿಸಿ, ಕೈಗೆ ಹಾಲಿನ ಚರಿಗೆ ಕೊಟ್ಟು, ಡಫಳಾಪುರದ ಕಲ್ಲುದಾರಿ ಹಿಡಿದೆ. ದಾರಿಯುದ್ದಕ್ಕೂ ಮನೆದೇವರು ಬೀರಪ್ಪನನ್ನು ಕೂಗಿದಳು. ಇಳಿದವಳೇ ಚರಿಗೆ ನೋಡಿ, “ಎಲಾ ಇವನ! ಹನಿ ಹಾಲು ಚೆಲ್ಲಿಲ್ಲಲ್ಲೋ ಭರಮ್ಯಾ. ಲಗೂನ ಹೋಗಿ ನನ್ನ ಸೊಸಿನ್ನ ಕರಕೊಂಡ ಬಾ,” ಎಂದಳು.

ಮುಂದಿನ ವಾರ ಸೋಮವಾರ ಬರಲೇ? ನಾನು ತಟ್ಟಿದ ರೊಟ್ಟಿಯನ್ನು ವಾಶರಾಗಿ ಹಾಕಬಹುದು, ಅಷ್ಟು ಗಟ್ಟಿ. ನೀನಿಲ್ಲದೆ ಮನೆಯೊಳಗೆ ಕಾಲಿಡಲು ಮನಸ್ಸಾಗುವುದಿಲ್ಲ. ಮಾವನವರಿಗೆ ನನ್ನ ಶರಣು ಹೇಳು. ಬೀರಪ್ಪ ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನವ,
ಭರಮಣ್ಣ

ತಾ.ಕ.: ಮಾವನವರು ಓದಿ ಹೇಳುತ್ತಿದ್ದರೆ ಕಾಗದ ಇಸಿದುಕೋ, ಇದನ್ನು ನೀನೊಬ್ಬಳೇ ಓದು. ಶ್ರಾವಣದಲ್ಲಿ ಐದು ತಿಂಗಳ ಬಸುರಿಯಾಗಿದ್ದ ನಿನ್ನನ್ನು ತವರಿನಿಂದ ಇದೇ ಗಾಡಿಯಲ್ಲಿ ಕರೆತಂದೆನಲ್ಲ. “ಸಾವಕಾಶ ನಡಸ್ರಿ,” ಎಂದು ನೀನು ಎರಡು ಸಲ ಅಂದೆ, ನಾನು ನಕ್ಕೆ. ಮರುದಿನ ಕೂಸು ಹೋಯಿತು. ಎಲ್ಲರೂ ದೈವವೆಂದರು, ನಾನು ಸುಮ್ಮನಿದ್ದೆ. ಬೀರವ್ವ, ಅದಕ್ಕೆ ಒಂದು ವಾರ ಮೊದಲು, ಸಂತೆಗೆ ಟಗರು ಒಯ್ಯಲೆಂದು ನಾನೇ ಗಟ್ಟಿ ಸ್ಪ್ರಿಂಗು ಹಾಕಿದ್ದೆ. ನಿನ್ನನ್ನು ಕರೆಯಲು ಹೊರಟಾಗ ಬಿಚ್ಚಲು ಬೇಸರಪಟ್ಟೆ. ಎರಡು ಟಗರಿಗೆ ಹಾಕಿದ ಸ್ಪ್ರಿಂಗಿನ ಮೇಲೆ ನಿಮ್ಮಿಬ್ಬರನ್ನು ಕೂಡಿಸಿಬಿಟ್ಟೆ.